ಕೂಸಿನ ಕೋಪ, ತಾಯಿಯ ಉಳಿವು: ದೈವಶಾಸ್ತ್ರವು ವಿನಿಕಾಟ್ ಅವರನ್ನು ಓದಿದ ಬಗೆ

ಇಂದಿನ ದೈವಶಾಸ್ತ್ರದ ಬರಹಗಳಲ್ಲಿ ಫ್ರಾಯ್ಡ್ ಅವರಿಗಿಲ್ಲದ ಆದರ ಡೊನಾಲ್ಡ್ ವಿನಿಕಾಟ್ (1896–1971) ಅವರಿಗಿದೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. 1927ರ ‘ಒಂದು ಭ್ರಮೆಯ ಭವಿಷ್ಯ’ ಎಂಬ ಕೃತಿಯಲ್ಲಿ ಫ್ರಾಯ್ಡ್ ಧರ್ಮದ ಬೇರನ್ನು ಶಿಶುವಿನ ಅಸಹಾಯಕತೆಯಲ್ಲಿ ಕಂಡರು. ರಕ್ಷಿಸುವ ತಂದೆಗಾಗಿ ಹಂಬಲಿಸಿದ ಮಗುವೇ ಬೆಳೆದ ಮೇಲೆ ಸ್ವರ್ಗದಲ್ಲೊಬ್ಬ ತಂದೆಯನ್ನು ಕಲ್ಪಿಸಿಕೊಂಡಿತು ಎಂದು ವಾದಿಸಿದರು. ವಿನಿಕಾಟ್ ತಂದೆಗಿಂತ ಮೊದಲು ತಾಯಿಯತ್ತ ನೋಡಿದರು. ‘ಭ್ರಮೆ’ ಎಂಬ ಪದವನ್ನು ಅವರು ತೆಗಳಿಕೆಯಾಗಿ ಬಳಸಲಿಲ್ಲ. ಪ್ಲಿಮತ್ತಿನ ಮೆಥಡಿಸ್ಟ್ ಮನೆಯಲ್ಲಿ ಹುಟ್ಟಿ, ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಾಲ್ಕು ದಶಕ ತಾಯಂದಿರನ್ನೂ ಕೂಸುಗಳನ್ನೂ ಕಂಡ ಈ ವೈದ್ಯರನ್ನು ನಾವು ಮಿತ್ರರೆಂದೇ ಬರಮಾಡಿಕೊಂಡೆವು. ಆದರೆ ಅವರ ಬರಹಗಳಲ್ಲಿ ನಮಗೆ ಅನುಕೂಲವಾದುದನ್ನಷ್ಟೇ ಆರಿಸಿಕೊಂಡೆವೇನೋ ಎಂಬ ಸಂದೇಹ ನನ್ನದು.

ನಾವು ಆರಿಸಿಕೊಂಡದ್ದು ಸಂಕ್ರಮಣ ವಸ್ತುವನ್ನು ಕುರಿತ 1953ರ ಪ್ರಬಂಧ. ಕೂಸು ಕಂಬಳಿಯ ಅಂಚನ್ನೋ ಬಟ್ಟೆಯ ಗೊಂಬೆಯನ್ನೋ ಬಿಡದೆ ಹಿಡಿದುಕೊಳ್ಳುತ್ತದೆ. ಅದಿಲ್ಲದೆ ನಿದ್ರೆ ಬಾರದು. ಆ ವಸ್ತು ತಾಯಿಯಲ್ಲ, ಕೂಸಿನ ಮೈಯ ಭಾಗವೂ ಅಲ್ಲ. ಇದನ್ನು ನೀನೇ ಕಲ್ಪಿಸಿದೆಯೋ, ಹೊರಗಿನಿಂದ ಪಡೆದೆಯೋ ಎಂದು ಮನೆಯವರು ಯಾರೂ ಕೂಸನ್ನು ಕೇಳುವುದಿಲ್ಲ. ಒಳಗಿಗೂ ಹೊರಗಿಗೂ ನಡುವಣ ಈ ಎಡೆಯಲ್ಲಿಯೇ ಮುಂದೆ ಆಟ, ಕಲೆ, ಧರ್ಮಗಳು ನೆಲೆಗೊಳ್ಳುತ್ತವೆ ಎಂದು ವಿನಿಕಾಟ್ ಬಗೆದರು. ಅರ್ಜೆಂಟೀನಾ ಮೂಲದ ಮನೋವಿಶ್ಲೇಷಕಿ ಆನಾ ಮರಿಯಾ ರಿಟ್ಸುಟೋ 1979ರ ತಮ್ಮ ‘ಜೀವಂತ ದೇವರ ಜನನ’ ಕೃತಿಯಲ್ಲಿ ಈ ಎಳೆಯನ್ನೇ ಹಿಡಿದು, ಮಗುವಿನ ಮನಸ್ಸಿನಲ್ಲಿ ದೇವರ ಚಿತ್ರ ರೂಪುಗೊಳ್ಳುವ ಬಗೆಯನ್ನು ವಿವರಿಸಿದರು. ಅಲ್ಲಿಂದಾಚೆಗೆ ಈ ವಿಚಾರ ಪಾಲನಾ ದೈವಶಾಸ್ತ್ರದ ಸಾಮಾನ್ಯ ಸೊತ್ತಾಯಿತು.

ತೊಡಕು ಇರುವುದು ಆ ಗೊಂಬೆಯ ಕೊನೆಯ ಗತಿಯಲ್ಲಿ. ಮಗು ಬೆಳೆದಂತೆ ಗೊಂಬೆ ಅರ್ಥ ಕಳೆದುಕೊಳ್ಳುತ್ತದೆ. ಅದನ್ನು ಯಾರೂ ಮರೆಯುವುದೂ ಇಲ್ಲ, ಅದಕ್ಕಾಗಿ ಅಳುವುದೂ ಇಲ್ಲ. ಈ ಸ್ಥಿತಿಗೆ ವಿನಿಕಾಟ್ ಬಳಸಿದ ಪದ ನಮ್ಮದೇ ಮನೆಯದು: ಲಿಂಬೋ! ದೇವರ ಚಿತ್ರಕ್ಕೆ ಮಾತ್ರ ಈ ಗತಿ ಬರುವುದಿಲ್ಲ, ಅದು ಮತ್ತೆ ಮತ್ತೆ ಕೈಗೆತ್ತಿಕೊಳ್ಳಲೋ ತಳ್ಳಿಬಿಡಲೋ ಸಿದ್ಧವಾಗಿ ಉಳಿಯುತ್ತದೆ ಎಂದು ರಿಟ್ಸುಟೋ ಪ್ರಾಮಾಣಿಕವಾಗಿ ತಿದ್ದುಪಡಿ ಮಾಡಿದರು. ಆದರೆ ಕೈಗೆತ್ತಿಕೊಳ್ಳುವವನೂ ತಳ್ಳುವವನೂ ನಾನೇ ಆದರೆ ಆ ದೇವರು ಇನ್ನೂ ನನ್ನ ಅಂಗೈಯಲ್ಲಿಯೇ ಇದ್ದಾನೆ. ಪ್ರಾರ್ಥನೆಯೆಂದರೆ ಕೊನೆಗೂ ಸ್ವಂತ ಸಮಾಧಾನವೇ ಎಂಬ ಫ್ರಾಯ್ಡ್ ಅವರ ಆರೋಪಕ್ಕೆ ಇದರಿಂದ ಉತ್ತರ ದೊರೆಯಲಿಲ್ಲ. ಅದರ ಕಹಿ ಕಡಿಮೆಯಾಯಿತು, ಅಷ್ಟೇ.

ಉತ್ತರಕ್ಕೆ ಹತ್ತಿರವಾದುದನ್ನು ವಿನಿಕಾಟ್ ತಮ್ಮ ಕೊನೆಯ ವರ್ಷಗಳಲ್ಲಿ ಬರೆದರು. 1968ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕರ ಸಂಘದಲ್ಲಿ ಅವರು ‘ವಸ್ತುವಿನ ಬಳಕೆ’ ಕುರಿತು ಒಂದು ಪ್ರಬಂಧವನ್ನು ಓದಿದರು. ಕೇಳಿದವರು ಅದನ್ನು ಮೆಚ್ಚಲಿಲ್ಲ. ಮುಂದೆ ಅದು 1971ರ ‘ಆಟ ಮತ್ತು ವಾಸ್ತವ’ ಸಂಪುಟದಲ್ಲಿ ಸೇರಿತು. ಅಲ್ಲಿನ ವಿಚಾರ ಹೀಗಿದೆ. ಮೊದಮೊದಲು ಕೂಸಿಗೆ ತಾಯಿ ತನ್ನ ಬಯಕೆಯ ವಿಸ್ತರಣೆ ಮಾತ್ರ; ಹಸಿವಾದೊಡನೆ ಮೊಲೆ ಬರುತ್ತದೆ, ಆದುದರಿಂದ ತಾನೇ ಅದನ್ನು ಸೃಷ್ಟಿಸಿದೆ ಎಂಬಂತೆ ಕೂಸು ಇರುತ್ತದೆ. ಈ ಸರ್ವಶಕ್ತಿಯ ಕನಸಿನೊಳಗೆ ಇನ್ನೊಬ್ಬರಿಗೆ ಸ್ಥಳವಿಲ್ಲ. ಕೂಸು ಕಚ್ಚುತ್ತದೆ, ಪರಚುತ್ತದೆ, ಒದೆಯುತ್ತದೆ. ತನ್ನ ಕಲ್ಪನೆಯಲ್ಲಿ ತಾಯಿಯನ್ನು ನಾಶಮಾಡುತ್ತದೆ. ಮರುಗಳಿಗೆ ಕಣ್ತೆರೆದರೆ ಆಕೆ ಅಲ್ಲಿಯೇ ಇದ್ದಾಳೆ. ಸೇಡು ತೀರಿಸಿಕೊಂಡಿಲ್ಲ, ಮುಖ ತಿರುಗಿಸಿಲ್ಲ, ಬೇರೊಬ್ಬಳಾಗಿ ಬದಲಾಗಿಲ್ಲ. ಆಗ ಮಾತ್ರ ಆಕೆ ತನ್ನ ಕಲ್ಪನೆಗೆ ಹೊರಗಿನವಳು, ನಿಜವಾಗಿ ಇರುವವಳು ಎಂಬ ಅರಿವು ಕೂಸಿಗೆ ಮೂಡುತ್ತದೆ. ಪ್ರೀತಿಸಲು ಒಬ್ಬರು ಸಿಕ್ಕುವುದು ಆಗಲೇ.

ನಾಶಮಾಡಿದರೂ ಉಳಿದವರೇ ನಿಜವಾದವರು ಎಂಬ ಈ ಮಾತನ್ನು ಗೊಂಬೆಯ ಪಕ್ಕದಲ್ಲಿಟ್ಟು ನೋಡಿರಿ. ಗೊಂಬೆ ನನ್ನ ಅಧೀನದಲ್ಲಿದೆ. ಉಳಿದುಬಂದ ತಾಯಿ ನನ್ನ ಅಧೀನದಲ್ಲಿಲ್ಲ. ಕೀರ್ತನೆ 22ರ ಕವಿ ದೇವರು ತನ್ನನ್ನು ಕೈಬಿಟ್ಟನೆಂದು ಮೊರೆಯಿಡುತ್ತಾನೆ. ಅದೇ ಉಸಿರಿನಲ್ಲಿ ತಾಯಿಯ ಮೊಲೆಯ ಬಳಿಯಲ್ಲೇ ತನಗೆ ಭರವಸೆ ಕಲಿಸಿದವನೂ ಆತನೇ ಎಂದು ನೆನೆಯುತ್ತಾನೆ. ಯೋಬನ ಮಾತುಗಳು ಇನ್ನೂ ಕಟುವಾದುವು. ಇವುಗಳನ್ನು ವಿಶ್ವಾಸದ ಕೊರತೆಯೆಂದು ಬೋಧಿಸುವ ಗುರು ಕೂಸಿನ ಪರಚುವಿಕೆಗೆ ಏಟು ಕೊಡುವವನಂತೆ. ಸಂತ ಅಗಸ್ಟೀನರೂ ‘ನಿವೇದನೆಗಳು’ ಕೃತಿಯ ಮೊದಲ ಭಾಗದಲ್ಲಿ, ಇನ್ನೊಂದು ಕೂಸು ಹಾಲುಣ್ಣುವುದನ್ನು ಕಂಡು ಅಸೂಯೆಯಿಂದ ಬಿಳುಚಿಕೊಂಡ ಶಿಶುವಿನಲ್ಲಿ ಪಾಪದ ಗುರುತನ್ನೇ ಕಂಡರು. 1957ರಲ್ಲಿ ಮೆಲನಿ ಕ್ಲೈನ್ ಅಸೂಯೆ ಹುಟ್ಟಿನಿಂದಲೇ ಇರುವುದೆಂದು ಬರೆದಾಗ, ತಿಳಿದೋ ತಿಳಿಯದೆಯೋ, ಅಗಸ್ಟೀನರ ಬಳಿಯಲ್ಲಿ ನಿಂತರು. ವಿನಿಕಾಟ್ ಇಲ್ಲಿ ಬೇರೆಯಾಗುತ್ತಾರೆ: ಮೊದಲ ಕ್ರೌರ್ಯದಲ್ಲಿ ದ್ವೇಷವಿಲ್ಲ, ಏಕೆಂದರೆ ದ್ವೇಷಿಸಲು ಇನ್ನೂ ಯಾರೂ ಇಲ್ಲ. ಜನ್ಮಪಾಪದ ಬೋಧನೆಯನ್ನು ಇದು ಅಲ್ಲಗಳೆಯುತ್ತದೆಂದು ನನಗನಿಸದು; ಆದರೆ ಅದನ್ನು ಕೂಸಿನ ಕೂಗಿನಲ್ಲಿ ತೋರಿಸಿಕೊಡುವ ಸುಲಭ ದಾರಿಯನ್ನು ಮುಚ್ಚುತ್ತದೆ.

ಪಾಲನಾ ಸೇವೆಯಲ್ಲಿ ಇದರ ಬೆಲೆ ತೆರುವವರು ತಾಯಂದಿರು. ಕೂಸಿನ ಮೇಲೆ ಸಿಟ್ಟು ಬಂತು, ಒಂದು ಕ್ಷಣ ಅದು ಬೇಡವೆನಿಸಿತು ಎಂದು ಪಾಪನಿವೇದನೆಯಲ್ಲಿ ಅಳುವ ಎಳೆಯ ತಾಯಿಗೆ ಮಾತೆ ಮರಿಯಳ ಮಾದರಿಯನ್ನು ಮುಂದಿಟ್ಟು ಕಳುಹಿಸುವುದು ನಮಗೆ ರೂಢಿ. 1949ರ ಒಂದು ಪ್ರಬಂಧದಲ್ಲಿ ವಿನಿಕಾಟ್, ತಾಯಿ ತನ್ನ ಕೂಸನ್ನು ದ್ವೇಷಿಸಲು ಇರುವ ಹದಿನೆಂಟು ಕಾರಣಗಳನ್ನು ಪಟ್ಟಿಮಾಡಿದರು. ದ್ವೇಷ ಬರುವುದು ಅವರಿಗೆ ಅಚ್ಚರಿಯಲ್ಲ. ಅದಿದ್ದೂ ಆಕೆ ಕೂಸಿಗೆ ಅದನ್ನು ತೀರಿಸದೆ ಕಾಯುವುದೇ ಅಚ್ಚರಿ. ಅವರ ‘ಸಾಕಷ್ಟು ಒಳ್ಳೆಯ ತಾಯಿ’ ಪರಿಪೂರ್ಣಳಲ್ಲ. ಕೂಸು ತಾಳಿಕೊಳ್ಳುವಷ್ಟು ಮೆಲ್ಲಮೆಲ್ಲನೆ ತಪ್ಪುವವಳು. ಈ ಒಂದು ಪ್ರಬಂಧವನ್ನು ಓದಿದ ಗುರು ಆ ಪೀಠದಲ್ಲಿ ಬೇರೆ ರೀತಿಯಲ್ಲಿ ಕಿವಿಗೊಟ್ಟಾನು.

ಪ್ರಬೋಧನೆಯಲ್ಲೂ ಹಾಗೆಯೇ. ಯೆಶಾಯ 49:15ನ್ನು ಹಿಡಿದು ದೇವರು ತಾಯಿಯಂತೆ ಎಂದು ನಾವು ಮುಗಿಸಿಬಿಡುತ್ತೇವೆ. ತಾಯಿಯೇ ಬಿಟ್ಟುಹೋದ ಮಕ್ಕಳು ಬೆಂಚಿನಲ್ಲಿ ಕುಳಿತಿರುವುದು ನಮಗೆ ಕಾಣುವುದಿಲ್ಲ, ಪ್ರವಾದಿಗೆ ಕಂಡಿತ್ತು. ಹೆತ್ತವಳು ಮರೆಯಬಹುದೆಂಬುದನ್ನು ಒಪ್ಪಿಕೊಂಡೇ ಆತ ದೇವರ ಮಾತನ್ನು ಮುಂದುವರಿಸುತ್ತಾನೆ. ಹೋಶೇಯ 11 ಇನ್ನೂ ಮುಂದೆ ಹೋಗುತ್ತದೆ: ನಡೆಯಲು ಕಲಿಸಿದ ಮಗ ತಿರುಗಿಬಿದ್ದಿದ್ದಾನೆ, ಕೋಪ ಉಕ್ಕುತ್ತದೆ, ಆದರೂ ದೇವರು ಸೇಡನ್ನು ನಿರಾಕರಿಸುತ್ತಾನೆ, ಕಾರಣ, ತಾನು ಮನುಷ್ಯನಲ್ಲ, ದೇವರು. ತಾಯಿತನಕ್ಕೆ ಹತ್ತಿರವಾದಲ್ಲಿಯೇ ಆತ ಅದರಿಂದ ಬೇರೆಯೆಂದು ಹೇಳಿಕೊಳ್ಳುತ್ತಾನೆ.

ವಿನಿಕಾಟ್ ಅವರ ಮಿತಿಯನ್ನೂ ಹೇಳಬೇಕು. ಅವರ ಚಿತ್ರದಲ್ಲಿರುವುದು ಇಂಗ್ಲೆಂಡಿನ ಕೋಣೆಯೊಂದರಲ್ಲಿ ಒಬ್ಬ ತಾಯಿ, ಒಂದು ಕೂಸು. ಸುಧೀರ್ ಕಾಕರ್ 1978ರ ‘ಅಂತರಂಗದ ಲೋಕ’ದಲ್ಲಿ ಭಾರತದ ಗಂಡುಮಗು ತಾಯಿಯೊಡನೆ ದೀರ್ಘಕಾಲ ಅಂಟಿಕೊಂಡಿರುವುದನ್ನು ವಿವರಿಸಿದರು, ಸ್ಟ್ಯಾನ್ಲಿ ಕರ್ಟ್ಜ್ 1992ರಲ್ಲಿ, ಕೂಡುಕುಟುಂಬದ ಅನೇಕ ತಾಯಂದಿರನ್ನು ಇಂಥ ವಿವರಣೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ಆಕ್ಷೇಪಿಸಿದರು. ಅಜ್ಜಿ, ಚಿಕ್ಕಮ್ಮ, ಅತ್ತೆಯರ ತೋಳುಗಳಲ್ಲಿ ಬೆಳೆದ ನಮ್ಮ ಗುರುಅಭ್ಯರ್ಥಿಗಳಿಗೆ ಈ ಆಕ್ಷೇಪವನ್ನು ವಿವರಿಸಬೇಕಿಲ್ಲ.

ಇನ್ನೊಂದು ಮಿತಿ ಆಳವಾದುದು. ವಿನಿಕಾಟ್ ಅವರ ತಾಯಿ ಉಳಿಯುವುದು ಕೂಸಿನ ಬಲ ಕಿರಿದಾದುದರಿಂದ. ಆ ನಾಶ ನಡೆಯುವುದು ಕಲ್ಪನೆಯಲ್ಲಿ. ಗೊಲ್ಗೊಥಾದಲ್ಲಿ ನಮ್ಮ ಕೈಗಳು ಕೂಸಿನ ಕೈಗಳಾಗಿರಲಿಲ್ಲ. ಆತ ನಿಜವಾಗಿ ಸತ್ತನು. ಆದುದರಿಂದ ಪುನರುತ್ಥಾನವನ್ನು ‘ಉಳಿವು’ ಎಂದು ಕರೆಯಲಾಗದು. ಆದರೂ ಯೊವಾನ್ನನ ಇಪ್ಪತ್ತನೆಯ ಅಧ್ಯಾಯದಲ್ಲಿ, ಬಾಗಿಲು ಮುಚ್ಚಿಕೊಂಡು ಕುಳಿತವರ ನಡುವೆ ಬಂದು ನಿಂತ ಪ್ರಭು ಮೊದಲು ಆಡಿದ್ದು ಶಾಂತಿಯ ಮಾತು, ಆಮೇಲೆ ತೋರಿಸಿದ್ದು ಗಾಯಗಳನ್ನು. ಈ ಎರಡರ ಕ್ರಮವನ್ನು ಕುರಿತು ವಿನಿಕಾಟ್ ಅವರನ್ನು ಓದಿದ ಮೇಲೆ ನಾನು ಹೆಚ್ಚು ಯೋಚಿಸಿದ್ದೇನೆ. ಈ ವರ್ಷ ತರಗತಿಯಲ್ಲಿ 1953ರ ಪ್ರಬಂಧಕ್ಕಿಂತ ಮೊದಲು 1968ರದನ್ನು ಓದಿಸುತ್ತಿದ್ದೇನೆ.