ಗಡಿಯಾರ, ಬಾಣ, ಹಡಗು: ಪೇಲಿಯವರ ನಿಸರ್ಗವಾದದ ಒಂದು ವಿಮರ್ಶೆ

ಬಯಲಿನಲ್ಲಿ ನಡೆಯುವವನ ಕಾಲಿಗೆ ಕಲ್ಲೊಂದು ತಗುಲಿದರೆ, ಅದು ಎಂದಿನಿಂದಲೂ ಅಲ್ಲಿಯೇ ಇದ್ದಿರಬಹುದೆಂದು ಹೇಳಿ ಅವನು ಮುಂದೆ ಸಾಗಬಹುದು; ಗಡಿಯಾರ ದೊರೆತರೆ ಹಾಗೆ ಹೇಳಲಾಗದು. ಆಂಗ್ಲಿಕನ್ ಯಾಜಕರಾದ ವಿಲಿಯಂ ಪೇಲಿಯವರು 1802ರಲ್ಲಿ ಪ್ರಕಟಿಸಿದ ‘ನ್ಯಾಚುರಲ್ ಥಿಯಾಲಜಿ’ ಈ ಹೋಲಿಕೆಯಿಂದಲೇ ಆರಂಭವಾಗುತ್ತದೆ. ಗಡಿಯಾರದ ಬಿಡಿಭಾಗಗಳು ಒಂದು ಉದ್ದೇಶಕ್ಕೆ ಹೊಂದಿಕೊಂಡಿರುವುದರಿಂದ ಅದಕ್ಕೆ ಕರ್ತೃವಿರಬೇಕು. ಕಣ್ಣಿನ ರಚನೆಯೂ ಅಂತಹುದೇ ಆದುದರಿಂದ ಅದಕ್ಕೂ ಕರ್ತೃವಿರಬೇಕು. ನಮ್ಮ ಪ್ರಬೋಧನೆಗಳಲ್ಲಿ ಈ ವಾದ ಇಂದಿಗೂ ಪೇಲಿಯವರ ಹೆಸರಿಲ್ಲದೆ ಸಂಚರಿಸುತ್ತಿರುವುದರಿಂದ, ಅದರ ಬಲಾಬಲಗಳ ಪರಿಶೀಲನೆ ಕೇವಲ ಚರಿತ್ರೆಯ ವಿಷಯವಲ್ಲ.

ಪೇಲಿಯವರು ಆಕ್ಷೇಪಗಳನ್ನು ಬಚ್ಚಿಡುವವರಲ್ಲ. ಗಡಿಯಾರ ಕೆಲವೊಮ್ಮೆ ತಪ್ಪು ನಡೆದರೂ ಕರ್ತೃವಿದ್ದಾನೆಂಬುದು ಸುಳ್ಳಾಗದು. ಒಂದು ಗಡಿಯಾರ ಮತ್ತೊಂದನ್ನು ಹೆರುವಂತಿದ್ದರೂ ಯೋಜಕನ ಅಗತ್ಯ ತಪ್ಪದು ಎಂದು ಅವರು ಉತ್ತರಿಸುತ್ತಾರೆ. ಆದರೆ ಅಂಗಾಂಗಗಳ ಹೊಂದಾಣಿಕೆಗೆ ನೇರ ಯೋಜನೆಯ ಹೊರತು ಬೇರೆ ಕಾರಣವಿಲ್ಲವೆಂಬ ಮೆಟ್ಟಿಲನ್ನು ಅವರು ಸಾಕಷ್ಟು ಭದ್ರಪಡಿಸಲಿಲ್ಲ. ಕೇಂಬ್ರಿಜ್‌ನಲ್ಲಿ ಪೇಲಿಯವರನ್ನು ಮೆಚ್ಚಿ ಓದಿದ್ದ ಚಾರ್ಲ್ಸ್ ಡಾರ್ವಿನ್ನರೇ 1859ರಲ್ಲಿ ಆ ಮೆಟ್ಟಿಲನ್ನು ಕಿತ್ತರು.

ಇದಕ್ಕಿಂತ ಆಳವಾದ ದೋಷ ತರ್ಕದ್ದು. ಹೋಲಿಕೆಯಿಂದ ಹೊರಟ ವಾದ ಹೋಲಿಕೆಯನ್ನು ಮೀರಲಾರದು ಎಂಬುದನ್ನು ಡೇವಿಡ್ ಹ್ಯೂಮ್ ಅವರ ಸಂವಾದಗ್ರಂಥ 1779ರಲ್ಲಿಯೇ ತೋರಿಸಿತ್ತು. ಅದಕ್ಕೂ ಶತಮಾನಗಳ ಮುನ್ನ, ಮೇಲುಕೋಟೆಯಲ್ಲಿ ಬಾಳಿದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇಂತಹುದೇ ಅನುಮಾನವನ್ನು ಶೋಧಿಸಿದ್ದರು: ಜಗತ್ತೆಲ್ಲವೂ ಒಂದೇ ಕಾಲದಲ್ಲಿ, ಒಬ್ಬನೇ ಕರ್ತೃವಿನಿಂದ ಆಯಿತೆಂದು ಹೇಗೆ ಸಿದ್ಧವಾಗುತ್ತದೆ? ನಾವು ಕಂಡ ಕುಂಬಾರರೆಲ್ಲರೂ ದೇಹಧಾರಿಗಳಲ್ಲವೇ? ಆದುದರಿಂದ ಶಾಸ್ತ್ರವೇ ಪ್ರಮಾಣವೆಂದು ಅವರು ನಿರ್ಣಯಿಸಿದರು. ಆ ನಿರ್ಣಯವನ್ನು ನಾವು ಒಪ್ಪದಿದ್ದರೂ ಆಕ್ಷೇಪದ ತೂಕ ಕಡಿಮೆಯಾಗದು.

ಸಂತ ಥಾಮಸ್ ಅಕ್ವಿನಾಸರ ಐದನೆಯ ಮಾರ್ಗವನ್ನು ಹಲವರು ಪೇಲಿಯವರ ವಾದದೊಂದಿಗೆ ಬೆರೆಸುತ್ತಾರೆ. ಅದು ಸರಿಯಲ್ಲ. ರಚನೆಯ ಜಟಿಲತೆ ಸಂತರ ಆರಂಭಬಿಂದುವಲ್ಲ. ಅರಿವಿಲ್ಲದ ವಸ್ತುಗಳೂ ಸದಾ ಅಥವಾ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ತಮ್ಮ ಗುರಿಯತ್ತ ವರ್ತಿಸುತ್ತವೆ ಎಂಬುದೇ ಅವರ ಆಧಾರ. ಬಿಲ್ಲುಗಾರನಿಲ್ಲದೆ ಬಾಣ ಗುರಿ ಸೇರದಂತೆ, ಬುದ್ಧಿಯಿಲ್ಲದೆ ಈ ನಿರ್ದೇಶನವಿಲ್ಲ. ಬಾಣಕ್ಕೆ ಗತಿ ಹೊರಗಿನಿಂದ ಬರುತ್ತದೆಂಬ ಕೊರತೆಯುಂಟು. ಅರಿಸ್ಟಾಟಲನ ‘ಭೌತಶಾಸ್ತ್ರ’ದ ವ್ಯಾಖ್ಯಾನದಲ್ಲಿ ಅವರು ಕೊಡುವ ಉಪಮೆ ಈ ಕೊರತೆಯನ್ನು ತುಂಬುತ್ತದೆ: ಹಡಗು ಕಟ್ಟುವವನು ಮರಕ್ಕೆ ತಾನಾಗಿಯೇ ಹಡಗಿನ ರೂಪ ತಾಳುವ ಶಕ್ತಿಯನ್ನು ಕೊಡಬಲ್ಲವನಾದರೆ, ಅದು ನಿಸರ್ಗದಂತಿರುತ್ತದೆ. ಇಲ್ಲಿ ದೇವರು ಇತರ ಕಾರಣಗಳ ಸಾಲಿನಲ್ಲಿ ನಿಂತ ಕುಶಲಕರ್ಮಿಯಲ್ಲ. ಕಾರಣಗಳಿಗೆ ಕಾರಣತ್ವವನ್ನೇ ದಯಪಾಲಿಸುವಾತ. ನೈಸರ್ಗಿಕ ಆಯ್ಕೆಯೂ ವಸ್ತುಗಳ ಸ್ಥಿರಸ್ವಭಾವವನ್ನು ಮೊದಲೇ ಅಂಗೀಕರಿಸಿಕೊಂಡೇ ನಡೆಯುವುದರಿಂದ ಅದು ಈ ವಾದದ ಪ್ರತಿಸ್ಪರ್ಧಿಯಲ್ಲ. ಆ ಸ್ಥಿರತೆಗೆ ಕಾರಣವೇ ಬೇಡವೆನ್ನುವುದು ಸಾಧ್ಯ; ಆದರೆ ಅದು ವಿಜ್ಞಾನದ ತೀರ್ಮಾನವಲ್ಲ, ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸುವ ತಾತ್ತ್ವಿಕ ಆಯ್ಕೆ.

ಪೇಲಿಯವರನ್ನು ಕೈಬಿಡುವುದೆಂದರೆ ವಿವೇಚನೆಯನ್ನು ಕೈಬಿಡುವುದಲ್ಲ. ಜ್ಞಾನಗ್ರಂಥದ 13ನೆಯ ಅಧ್ಯಾಯವನ್ನೂ ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನೂ ಅನುಸರಿಸಿ, 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆಯು ಸೃಷ್ಟಿಯಿಂದ ದೇವರನ್ನು ಸಹಜ ವಿವೇಚನೆಯ ಬೆಳಕಿನಲ್ಲಿ ನಿಶ್ಚಿತವಾಗಿ ಅರಿಯಬಹುದೆಂದು ಬೋಧಿಸಿತು. ಆದರೆ ಯಾವುದೇ ಒಂದು ನಿರ್ದಿಷ್ಟ ವಾದಕ್ಕೆ ಅದು ಮುದ್ರೆಯೊತ್ತಲಿಲ್ಲ.

ಈ ಭೇದವು ಮೇಷಪಾಲನೆಯಲ್ಲಿ ಪರೀಕ್ಷೆಗೊಳಗಾಗುತ್ತದೆ. ಕಣ್ಣಿನ ರಚನೆಯಿಂದ ದೇವರನ್ನು ಸಾಧಿಸಿದ ಬೋಧಕನ ಮುಂದೆ, ಹುಟ್ಟುಕುರುಡು ಮಗುವಿನ ತಾಯಿ ಕುಳಿತಿರುತ್ತಾಳೆ. ಕೆಟ್ಟ ಗಡಿಯಾರಕ್ಕೂ ಕರ್ತೃವಿದ್ದಾನೆಂಬ ಉತ್ತರ ಆಕೆಯ ಪಾಲಿಗೆ ಕ್ರೂರವಾದುದು. ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಯೇಸು ಕುರುಡನ ಸ್ಥಿತಿಗೆ ಪಾಪದ ಲೆಕ್ಕ ಹುಡುಕದೆ ಅವನ ಬಳಿಗೆ ಹೋಗುತ್ತಾರೆ. ನಿಸರ್ಗದಿಂದ ಹೊರಟ ವಾದವು ಸೃಷ್ಟಿಗೆ ಕಾರಣನಿದ್ದಾನೆಂಬಲ್ಲಿಗೆ ನಮ್ಮನ್ನು ಮುಟ್ಟಿಸುತ್ತದೆ; ಆತ ತಂದೆಯೆಂಬುದು ಕ್ರಿಸ್ತರಲ್ಲಿ ಪ್ರಕಟವಾದ ಸತ್ಯ. ಗುರುಮಠಗಳಲ್ಲಿ ಪೇಲಿಯವರನ್ನು ಬೋಧಿಸೋಣ, ಆದರೆ ಜೀವಶಾಸ್ತ್ರದೊಡನೆ, ಹ್ಯೂಮ್ ಮತ್ತು ರಾಮಾನುಜರೊಡನೆ. ಪ್ರಬೋಧನಾ ಪೀಠದಿಂದ ಮಾತ್ರ, ವಿಜ್ಞಾನ ಇನ್ನೂ ವಿವರಿಸದ ಯಾವುದನ್ನೂ ದೇವರಿಗೆ ಪುರಾವೆಯಾಗಿ ಮುಂದಿಡದಿರೋಣ.