ಸದ್ದಿಲ್ಲದ ಕೋಣೆಯ ಸಂಶೋಧನೆ

ಗೋಡೆಗೆಲ್ಲ ಸದ್ದು ಹೀರುವ ಹೊದಿಕೆ, ದಪ್ಪನೆಯ ಬಾಗಿಲು, ನಡುವೆ ಒಂದು ಗಾಜು. ಗಾಜಿನ ಆಚೆ ಆಡಿಯೊಮೀಟರ್ ಮುಂದೆ ಆಡಿಯಾಲಜಿಸ್ಟ್. ಈಚೆ ತಲೆಗೆ ಹೆಡ್‌ಫೋನ್ ಹಾಕಿಕೊಂಡ ಐದು ವರ್ಷದ ಮಗು. ಅದರ ಕೈಯಲ್ಲೊಂದು ಮರದ ಗುಂಡು. ಸದ್ದು ಕೇಳಿದಾಗಲೆಲ್ಲ ಗುಂಡನ್ನು ಡಬ್ಬಿಗೆ ಹಾಕಬೇಕು. ಕೇಳಿಸಿತೆಂದರೆ ಸದ್ದು 10 ಡೆಸಿಬಲ್ ಇಳಿಯುತ್ತದೆ, ಕೇಳಿಸದಿದ್ದರೆ 5 ಡೆಸಿಬಲ್ ಏರುತ್ತದೆ. ಹೀಗೆ ಇಳಿಸಿ ಏರಿಸಿ ಮಗುವಿನ ಕಿವಿ ಹಿಡಿಯಬಲ್ಲ ಅತಿ ಸಣ್ಣ ಸದ್ದು ಯಾವುದೆಂದು ಕಂಡುಹಿಡಿಯುತ್ತಾರೆ. ಮಾತು ಬಾರದ, ಹಟ ಮಾಡುವ ಮಗುವಿನಿಂದಲೂ ಆಟದ ನೆಪದಲ್ಲಿ ನಿಖರ ಉತ್ತರ ಪಡೆಯುವ ಈ ವಿಧಾನದಲ್ಲಿ ಎಣಿಸಲು ಕೊರತೆಗಳೇ ಇಲ್ಲವೆನ್ನಬಹುದು. ತೊಂದರೆ ಇರುವುದು ಈ ಕೋಣೆಯ ಹೊರಗೆ. ಮಗು ದಿನಕ್ಕೆ ಐದಾರು ಗಂಟೆ ಕೂರುವ ತರಗತಿಗೂ ಈ ಕೋಣೆಗೂ ಯಾವ ಹೋಲಿಕೆಯೂ ಇಲ್ಲ.

ಕನ್ನಡ ಮಕ್ಕಳ ಮಾತು ಮತ್ತು ಶ್ರವಣ ಸಮಸ್ಯೆಗಳ ಕುರಿತ ಸಂಶೋಧನೆಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದರ ಮೂಲ ನೆಲೆ. ಬೆಂಗಳೂರು, ಮಣಿಪಾಲ, ಮಂಗಳೂರುಗಳ ವಿಭಾಗಗಳು, ಕಾಲೇಜುಗಳು ಆಮೇಲೆ ಸೇರಿಕೊಂಡವು. ಈ ಕೆಲಸದ ಫಲವನ್ನು ತೂಗಿ ನೋಡಿದರೆ ನನಗೆ ಕಾಣುವುದಿಷ್ಟು: ಆಸ್ಪತ್ರೆಗೆ ಬಂದ ಮಗುವನ್ನು ಪರೀಕ್ಷಿಸುವುದನ್ನು ನಮ್ಮ ಸಂಶೋಧನೆ ಚೆನ್ನಾಗಿ ಕಲಿತಿದೆ, ಆಸ್ಪತ್ರೆಗೆ ಬಾರದ ಮಗುವಿನ ವಿಷಯದಲ್ಲಿ ಇನ್ನೂ ಹೊಸ್ತಿಲಲ್ಲೇ ನಿಂತಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಸಂಸ್ಥೆ ಶುರುವಾದಾಗ ಕನ್ನಡದ ಮಗುವನ್ನು ಅಳೆಯಲು ಕನ್ನಡದ ಅಳತೆಗೋಲೇ ಇರಲಿಲ್ಲ. ಇಂಗ್ಲಿಷ್ ಪದಪಟ್ಟಿಗಳನ್ನು ಹಾಗೆಯೇ ತಂದರೆ ಹಳ್ಳಿಯ ಮಗುವಿಗೆ ಕೇಳಿಸಿದರೂ ತಿಳಿಯದು; ಕಿವಿಯ ದೋಷವೋ ಭಾಷೆಯ ಅಪರಿಚಿತತೆಯೋ ಹೇಳಲಾಗದು. 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಅವರು ರೂಪಿಸಿದ ಕನ್ನಡ ಉಚ್ಚಾರಣಾ ಪರೀಕ್ಷೆ ಆ ಕೊರತೆಯನ್ನು ತುಂಬಿದ ಮೊದಲ ಹೆಜ್ಜೆಗಳಲ್ಲೊಂದು. ಮಗುವಿಗೆ ಚಿತ್ರ ತೋರಿಸಿ ಹೆಸರು ಹೇಳಿಸುವುದು, ಯಾವ ಧ್ವನಿ ಪದದ ಎಲ್ಲಿ ಬಂದಾಗ ತಪ್ಪುತ್ತದೆಂದು ಗುರುತಿಸುವುದು ಅದರ ಕ್ರಮ. 2010ರಲ್ಲಿ ಅದನ್ನು ಹೊಸ ತಲೆಮಾರಿನ ಮಕ್ಕಳಿಗೆ ಮತ್ತೆ ಪ್ರಮಾಣೀಕರಿಸಲಾಯಿತು. ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಸಿದ್ಧಪಡಿಸಿದ ಪದಪಟ್ಟಿ ಎರಡಕ್ಷರದ ಪದಗಳದ್ದು. ಇಂಗ್ಲಿಷಿನಂತೆ ಏಕಾಕ್ಷರ ಪದಗಳನ್ನು ಕನ್ನಡದಲ್ಲಿ ಹುಡುಕಹೊರಟರೆ ಕೈಗೆ ಸಿಗುವುದು ಬೆರಳೆಣಿಕೆಯಷ್ಟೆ. ಭಾಷೆಯ ಜಾಯಮಾನಕ್ಕೆ ತಕ್ಕ ಆಯ್ಕೆ ಅದು. 2014ರಲ್ಲಿ ಕನ್ನಡ ವಾಕ್ಯಗಳನ್ನು ಗುರುತಿಸುವ ಪರೀಕ್ಷೆಯೂ ಬಂತು.

ಇಷ್ಟಾದರೂ ಈ ಅಳತೆಗೋಲುಗಳನ್ನು ಹತ್ತಿರದಿಂದ ನೋಡಿದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು, ಯಾರ ಕನ್ನಡ ಎಂಬುದು. ಚಿತ್ರದಲ್ಲಿ ಹಾಲಿನ ಲೋಟ ಇದೆ ಎಂದುಕೊಳ್ಳಿ. ಮಂಡ್ಯದ ಕಡೆಯ ಮಗು ಅದನ್ನು ‘ಆಲು’ ಎನ್ನುತ್ತದೆ. ಅದರ ಅಪ್ಪನೂ ಅಜ್ಜಿಯೂ ಹಾಗೆಯೇ ಅನ್ನುತ್ತಾರೆ. ಶಾಲೆಯನ್ನು ‘ಸಾಲೆ’ ಎನ್ನುವ, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿಯೇ ನುಡಿಯುವ ಮನೆಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ನುರಿತ ಸ್ಪೀಚ್ ಥೆರಪಿಸ್ಟ್ ಇದನ್ನು ಊರ ನುಡಿ ಎಂದು ಬಿಟ್ಟುಬಿಡುತ್ತಾರೆ, ನಿಜ. ಆದರೆ ಪರೀಕ್ಷೆಯ ಅಂಕಪಟ್ಟಿ ಆ ವಿವೇಕವನ್ನು ತಾನಾಗಿ ಹೇಳುವುದಿಲ್ಲ. ಮೈಸೂರಿನ ಮಕ್ಕಳ ಮೇಲೆ ನಿಂತ ಪ್ರಮಾಣ ಕಲಬುರಗಿಯ, ಕರಾವಳಿಯ, ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಕ್ಕಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪ್ರದೇಶವಾರು ಪರೀಕ್ಷಿಸುವ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಲಿಂಗ, ವಚನ, ವಿಭಕ್ತಿ, ನಿಷೇಧ ಎಲ್ಲವೂ ಪದದ ನಡುವಿಗೋ ಬಾಲಕ್ಕೋ ಅಂಟಿಕೊಂಡಿರುತ್ತವೆ. ‘ಮಾಡಿದ ಲೆಕ್ಕ ತೋರಿಸಿ’ ಎಂದರೆ ಒಂದು, ‘ಮಾಡದ ಲೆಕ್ಕ ತೋರಿಸಿ’ ಎಂದರೆ ಇನ್ನೊಂದು. ನಡುವೆ ಇರುವುದು ಒಂದು ಗಿಡ್ಡ ಸ್ವರ. ‘ಬಂದನು’, ‘ಬಂದಳು’ ಬೇರೆಯಾಗುವುದು ಒಂದು ವ್ಯಂಜನದಲ್ಲಿ, ಅದೂ ಮೇಷ್ಟರ ದನಿ ಇಳಿಯುವ ಜಾಗದಲ್ಲಿ. ಸ್ವಲ್ಪವೇ ಕಿವಿ ಮಂದವಿರುವ ಮಗು ತಪ್ಪುವುದು ಇಂಥ ಕಡೆ. ‘ಮನೆ’, ‘ಹೂವು’ ಎಂಬ ಬಿಡಿ ಪದವನ್ನು ಸ್ಪಷ್ಟವಾಗಿ ಕೇಳಿಸಿ ತಿರುಗಿ ಹೇಳಿಸಿದರೆ ಅದೇ ಮಗು ನೂರಕ್ಕೆ ನೂರು ತೆಗೆದೀತು. ಬಿಡಿಪದಗಳ ಪಟ್ಟಿ ಕಿವಿಯನ್ನು ಅಳೆಯುತ್ತದೆಯೇ ಹೊರತು ಪಾಠ ಕೇಳುವ ಕಷ್ಟವನ್ನಲ್ಲ.

ಇನ್ನು ತರಗತಿಗೆ ಬರೋಣ. ಖಾಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು, ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು ಎಂಬುದು ಅಮೆರಿಕದ ಮಾನದಂಡ. ಗುರುವಿನ ದನಿ ಗದ್ದಲಕ್ಕಿಂತ 15 ಡೆಸಿಬಲ್‌ನಷ್ಟು ಮೇಲಿರಬೇಕು ಎನ್ನುತ್ತಾರೆ. ನಮ್ಮ ಹಳ್ಳಿಯ ಶಾಲೆಯನ್ನು ನೆನೆಯಿರಿ: ಶೀಟಿನ ಮಾಡು, ಬೋಳು ಗೋಡೆ, ಗಾರೆ ನೆಲ, ಪಕ್ಕದ ಕೋಣೆಯಿಂದ ಮಗ್ಗಿಯ ಕೋರಸ್ಸು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ಕಲಿಯುತ್ತಾರೆ. ಕಲಿಕೆಯ ದೃಷ್ಟಿಯಿಂದ ಅದು ಸೊಗಸಾದ ಪದ್ಧತಿ. ಕಿವಿ ಮಂದವಿರುವ ಮಗುವಿಗೆ ಮಾತ್ರ ಸಂತೆಯಲ್ಲಿ ಪಿಸುಮಾತು ಕೇಳಿದಂತೆ. ಶೀತವಾಗಿ ನಡುಗಿವಿಯಲ್ಲಿ ನೀರು ನಿಂತರೆ ಸಾಕು, 20ರಿಂದ 30 ಡೆಸಿಬಲ್ ಶ್ರವಣ ಕುಂದುತ್ತದೆ. ಕಿವಿ ಸೋರುವ ಮಗುವಿಗಂತೂ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು ಸುಮ್ಮನಾಗುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಇಂಥ ಮಗು ಕಿವುಡೆನ್ನಿಸಿಕೊಳ್ಳುವುದಿಲ್ಲ. ಅದಕ್ಕೆ ಸಿಗುವ ಬಿರುದುಗಳು ಬೇರೆ: ದಡ್ಡ, ಗಮನ ಕೊಡದವನು, ಹೇಳಿದ್ದು ಕೇಳದವಳು.

ಇಷ್ಟು ಸಣ್ಣ ಕೊರತೆಗೆ ಇಷ್ಟು ಮಹತ್ವ ಯಾಕೆಂದು ಕೇಳುವವರಿಗೆ ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಫ್ರೆಡ್ ಬೆಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳೇ ಉತ್ತರ. ಒಂದೇ ಕಿವಿಯಲ್ಲಿ ದೋಷವಿದ್ದ 60 ಮಕ್ಕಳನ್ನು ನೋಡಿ 1984ರಲ್ಲಿ ಅವರು ವರದಿ ಮಾಡಿದಾಗ, ಸುಮಾರು ಮೂರರಲ್ಲೊಂದು ಮಗು ಒಂದಾದರೂ ತರಗತಿಯಲ್ಲಿ ನಪಾಸಾಗಿತ್ತು. ಒಂದು ಕಿವಿ ಸರಿಯಿದ್ದರೆ ಸಾಕೆಂಬ ಅದುವರೆಗಿನ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. 1998ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ 1,218 ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ ಶೇ. 5.4ರಷ್ಟು ಮಕ್ಕಳಲ್ಲಿ ಅತ್ಯಲ್ಪ ಪ್ರಮಾಣದ ನರಸಂಬಂಧಿ ಶ್ರವಣದೋಷ ಕಂಡಿತು; ಅವರಲ್ಲೂ ಶೇ. 37ರಷ್ಟು ಮಂದಿ ಒಂದು ತರಗತಿಯಲ್ಲಾದರೂ ಹಿಂದೆ ಉಳಿದಿದ್ದರು. ಆ ಸಂಶೋಧಕರು ಶ್ರವಣದ ಅಂಕಿಯನ್ನು ಶಾಲೆಯ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿದರು. ನಮ್ಮಲ್ಲಿ ವಿರಳವಾಗಿರುವುದು ಅದೇ.

ನಮ್ಮ ಸಂಶೋಧನೆಯ ಬಹುಪಾಲು ಎಂ.ಎಸ್ಸಿ. ಪ್ರಬಂಧಗಳ ರೂಪದಲ್ಲಿದೆ. ಒಂದೇ ಶೈಕ್ಷಣಿಕ ವರ್ಷದೊಳಗೆ ಮುಗಿಯಬೇಕು, ಹತ್ತಿರದ ಶಾಲೆಯ ಇಪ್ಪತ್ತು ಮೂವತ್ತು ಮಕ್ಕಳಲ್ಲಿ ಮುಗಿಯಬೇಕು. ವಿದ್ಯಾರ್ಥಿಯನ್ನು ತರಬೇತುಗೊಳಿಸಲು ಇದು ಸರಿಯಾದ ದಾರಿಯೇ. ಆದರೆ ಒಂದನೆಯ ತರಗತಿಯಲ್ಲಿ ಕಿವಿ ಸೋರುತ್ತಿದ್ದ ಮಗು ಐದನೆಯ ತರಗತಿಯಲ್ಲಿ ಹೇಗೆ ಓದುತ್ತಿದೆ ಎಂಬ ಪ್ರಶ್ನೆಗೆ ಇಂಥ ಪ್ರಬಂಧದಿಂದ ಉತ್ತರ ಬಾರದು. ಅದಕ್ಕೆ ವರ್ಷಾನುಗಟ್ಟಲೆ ಅದೇ ಮಕ್ಕಳ ಬೆನ್ನು ಹತ್ತಬೇಕು. ಇನ್ನು ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಕ್ಕಳ ಬಗ್ಗೆ ಕಂಡುಕೊಂಡ ವಿಷಯ ಕನ್ನಡ ಮೇಷ್ಟರ ಮೇಜಿಗೆ ಬರುವುದೇ ಅಪರೂಪ.

ಇದಕ್ಕೆ ಅಪವಾದವಾಗಿ ಒಂದು ಕೆಲಸವನ್ನು ಹೆಸರಿಸಲೇಬೇಕು. ಆಶಾ ಯತಿರಾಜ್ ಮತ್ತು ಮಸ್ಕರೇನಸ್ ರೂಪಿಸಿದ, ಶ್ರವಣ ಸಂಸ್ಕರಣೆಯ (ಕೇಳಿದ್ದನ್ನು ಮಿದುಳು ಗ್ರಹಿಸುವ ಬಗೆಯ) ತಪಾಸಣಾ ಪಟ್ಟಿಯಲ್ಲಿ ಇರುವುದು ಹನ್ನೆರಡೇ ಪ್ರಶ್ನೆ. ಹೌದು-ಇಲ್ಲ ಎಂದು ಉತ್ತರಿಸಬೇಕಾದವರು ತರಗತಿಯ ಶಿಕ್ಷಕರು. ಅರ್ಧಕ್ಕರ್ಧ ‘ಹೌದು’ ಬಂದರೆ ಮಗುವನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು. ಯಂತ್ರ ಬೇಡ, ಖರ್ಚು ಇಲ್ಲ; ಮಗುವನ್ನು ದಿನವೂ ನೋಡುವವರ ಮಾತಿಗೆ ಬೆಲೆಯಿದೆ. ಮಿತಿಯೂ ಅಲ್ಲೇ ಇದೆ: ಕೇಳಿಸದ್ದರಿಂದ ಉತ್ತರಿಸದ ಮಗುವನ್ನೂ ಅಂಜಿಕೆಯಿಂದ ಉತ್ತರಿಸದ ಮಗುವನ್ನೂ ಬೇರೆ ಮಾಡಲು ಶಿಕ್ಷಕರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಅಕ್ಕಿಹೆಬ್ಬಾಳು, ಹುಲ್ಲಹಳ್ಳಿ, ಗುಂಬಳ್ಳಿಗಳಲ್ಲಿ ಮೈಸೂರಿನ ಸಂಸ್ಥೆ ತೆರೆದ ಸೇವಾ ಕೇಂದ್ರಗಳೂ ಸರಿಯಾದ ದಿಕ್ಕಿನವೇ. ಅಂಥ ಕೇಂದ್ರ ಹತ್ತಿರವಿಲ್ಲದ ತಾಲ್ಲೂಕುಗಳೇ ಹೆಚ್ಚು.

ಸರ್ಕಾರದ ತಪಾಸಣೆ ಈ ಅಂತರವನ್ನು ತುಂಬಬೇಕಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ. ಅದರ ಪಟ್ಟಿಯಲ್ಲಿ ಶ್ರವಣದೋಷವೂ ಇದೆ, ಭಾಷಾ ವಿಳಂಬವೂ ಇದೆ. ಆದರೆ ಕಿವಿ ಪರೀಕ್ಷೆಗೆಂದು ತಂಡದ ಚೀಲದಲ್ಲಿರುವುದು ಗಂಟೆ, ಗಿಲಕಿ, ಟಾರ್ಚ್. ಉಳಿದದ್ದು ಪ್ರಶ್ನೆ ಮತ್ತು ಬರಿಗಣ್ಣಿನ ನೋಟ. ಗಂಟೆ ಬಾರಿಸಿದರೆ ತಿರುಗದ ಮಗು ಮನೆಯವರಿಗೆ ಮೊದಲೇ ಗೊತ್ತಿರುತ್ತದೆ. 30 ಡೆಸಿಬಲ್ ಕೊರತೆಯಿರುವ ಮಗು ಗಂಟೆಗೂ ತಿರುಗುತ್ತದೆ, ಹೆಸರು ಕೂಗಿದರೂ ತಿರುಗುತ್ತದೆ, ಪಟ್ಟಿಯಲ್ಲಿ ‘ಸರಿ’ ಎಂದು ದಾಖಲಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಕಾನೂನು ಕೂಡ ಇದೇ ಮಗುವನ್ನು ಹೊರಗಿಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟವಿದ್ದರೆ ಶ್ರವಣ ಮಾಂದ್ಯ, 70 ಆದರೆ ಕಿವುಡು. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ 20 ಡೆಸಿಬಲ್‌ನಿಂದಲೇ ಸೌಮ್ಯ ನಷ್ಟವನ್ನು ಎಣಿಸುತ್ತದೆ. ಒಂದೇ ಕಿವಿಯ ದೋಷಕ್ಕೂ ಪ್ರತ್ಯೇಕ ಸ್ಥಾನ ಕೊಡುತ್ತದೆ. ಪಿಂಚಣಿ, ಮೀಸಲಾತಿಗೆ ಕಟ್ಟುನಿಟ್ಟಿನ ಗಡಿ ಬೇಕೆಂಬುದನ್ನು ಒಪ್ಪೋಣ. ಮುಂದಿನ ಬೆಂಚಿನಲ್ಲಿ ಕೂರಿಸಲು, ಕಿವಿಯ ಸೋರಿಕೆಗೆ ಔಷಧ ಕೊಡಿಸಲು ಯಾವ ಪ್ರಮಾಣಪತ್ರ ಬೇಕು? ನಮ್ಮ ಶಿಕ್ಷಣ ಇಲಾಖೆಯ ನೆರವೆಲ್ಲ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಸುತ್ತಲೇ ತಿರುಗುವುದರಿಂದ ಕಾರ್ಡಿಲ್ಲದ ಮಗುವಿನ ಕಷ್ಟ ಲೆಕ್ಕಕ್ಕೇ ಬರುವುದಿಲ್ಲ.

ದಾರಿ ಇಲ್ಲವೆಂದಲ್ಲ. 1,000, 2,000, 4,000 ಹರ್ಟ್ಸ್‌ಗಳಲ್ಲಿ 20 ಡೆಸಿಬಲ್ ಸದ್ದು ಕೇಳಿಸಿ ನೋಡುವ ತಪಾಸಣೆಗೆ ಒಂದು ಮಗುವಿಗೆ ಹಿಡಿಯುವುದು ಕೆಲವೇ ನಿಮಿಷ. ಮೊಬೈಲ್ ಫೋನು, ಸರಿಯಾಗಿ ಮಾಪನ ಹೊಂದಿಸಿದ ಹೆಡ್‌ಫೋನ್ ಇದ್ದರೆ ತಜ್ಞರಲ್ಲದವರೂ ಇದನ್ನು ಶಾಲೆಯಲ್ಲೇ ಮಾಡಬಹುದೆಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವರ್ಷದ ಹಿಂದೆಯೇ ತೋರಿಸಿದ್ದಾರೆ. ಶಾಲೆಯ ಗದ್ದಲದಲ್ಲಿ 20 ಡೆಸಿಬಲ್ ಕೇಳಿಸುವುದು ಕಷ್ಟ. ಶಾಲೆ ಬಿಟ್ಟ ಮೇಲೆ, ಮೂಲೆಯ ಕೋಣೆಯಲ್ಲಿ ಮಾಡಬೇಕು. ನಮ್ಮಲ್ಲಿ ಪರೀಕ್ಷೆಗಳಿವೆ, ತರಬೇತಾದ ಪದವೀಧರರಿದ್ದಾರೆ, ಶಾಲೆಗೆ ಹೋಗುವ ಸರ್ಕಾರಿ ತಂಡಗಳಿವೆ, ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಇವನ್ನು ಒಂದಕ್ಕೊಂದು ಜೋಡಿಸಿ, ಫಲ ಏನಾಯಿತೆಂದು ಐದು ವರ್ಷ ಕಾದು ಬರೆದಿಡುವ ಕೆಲಸ ಆಗಬೇಕು.

ಸಂಶೋಧನೆ ಅಳೆಯುವುದನ್ನು ಕಲಿತಿದೆ, ಹುಡುಕಿಕೊಂಡು ಹೋಗುವುದನ್ನು ಕಲಿತಿಲ್ಲ ಎಂಬುದೇ ನನ್ನ ತೀರ್ಮಾನ. ಇದನ್ನು ಓದುವ ಶಿಕ್ಷಕರಲ್ಲಿ ಒಂದು ವಿನಂತಿ: ಹೇಳಿದ್ದನ್ನು ಮತ್ತೆ ಮತ್ತೆ ‘ಆಂ?’ ಎಂದು ಕೇಳುವ, ನಿಮ್ಮ ತುಟಿಯನ್ನೇ ನೋಡುವ, ಉಕ್ತಲೇಖನದಲ್ಲಿ ಮಾತ್ರ ಎಡವುವ ಮಗು ನಿಮ್ಮ ತರಗತಿಯಲ್ಲಿದ್ದರೆ, ಬೈಯುವ ಮುಂಚೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಲು ಅದರ ಅಪ್ಪ ಅಮ್ಮನಿಗೆ ಹೇಳಿ.