ನಿವೃತ್ತ ಮಾಂತ್ರಿಕರ ಲೋಕ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ವರ್ಷಗಟ್ಟಲೆ ಆಡಿ ಬೆಳೆಸಿದ ಪಾತ್ರವನ್ನು ಕೈಬಿಡುವುದು ಸುಲಭವಲ್ಲ. ಆ ಕಷ್ಟಕ್ಕೆ ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಕಂಡುಕೊಂಡ ದಾರಿ ನನಗೆ ಬಲು ಇಷ್ಟ. ಅಮೆರಿಕದ ಲೇಕ್ ಜಿನೀವಾದಲ್ಲಿ ಗೆಳೆಯರು, ಮಕ್ಕಳೊಡನೆ ಆಡಿದ ಪಾತ್ರಗಳಿಗೆ ಗ್ರೇಹಾಕ್ ಎಂಬ ಕಲ್ಪಿತ ಲೋಕದ ಚರಿತ್ರೆಯೊಳಗೇ ಜಾಗ ಸಿಕ್ಕಿತು. 1980ರಲ್ಲಿ ಪ್ರಕಟವಾದ ಲೋಕ ಅದು. ಗೈಗ್ಯಾಕ್ಸ್ ಅವರದೇ ಮಾಂತ್ರಿಕ ಮಾರ್ಡನ್‌ಕೈನೆನ್ ಅಲ್ಲಿ ತೆರೆಮರೆಯಲ್ಲಿದ್ದು ರಾಜ್ಯಗಳ ಬಲಾಬಲ ತೂಗಿಸುವ ಹಿರಿಯನಾದ. ಎಂಥ ಗೌರವದ ವಿದಾಯ! ಮಗ ಅರ್ನಿ ಆಡಿದ ಟೆನ್ಸರ್‌ನ ಹೆಸರು, ಸಾಮಾನು ಹೊತ್ತು ಗಾಳಿಯಲ್ಲಿ ತೇಲುವ ತಟ್ಟೆಯ ಮಂತ್ರಕ್ಕೆ ಉಳಿಯಿತು. ಇನ್ನೊಬ್ಬ ಮಾಂತ್ರಿಕ ಬಿಗ್ಬಿಯದು ದೈತ್ಯಹಸ್ತದ ಮಂತ್ರಗಳಿಗೆ. ಆ ಮೇಜಿನ ಸುತ್ತ ಯಾರಿದ್ದರೆಂದು ತಿಳಿಯದ ಹೊಸ ಆಟಗಾರರೂ ಇಂದು ತಮ್ಮ ಮಾಂತ್ರಿಕನಿಗೆ ಅವೇ ಮಂತ್ರಗಳನ್ನು ಆರಿಸಿಕೊಳ್ಳುತ್ತಾರೆ.